ನಾದಕ್ಕೂ ಒಂದು ಮನೆ ಬೇಕು

ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 40 ಕಿಲೋಮೀಟರ್. ಸಂಗೀತ ಕಛೇರಿ ಕೇಳಲು ಹೋದವರಿಗೆ ಮಾತ್ರ ಈ ದಾರಿ ಇನ್ನೂ ಉದ್ದ. ವಿದ್ವಾಂಸರು ಪ್ರಧಾನ ರಾಗವನ್ನು ಎತ್ತಿಕೊಳ್ಳುವ ಹೊತ್ತಿಗೆ ಕಡೆಯ ಬಸ್ಸಿನ ನೆನಪಾಗುತ್ತದೆ. ಮಂಗಳ ಕೇಳಿ ಏಳುವುದು ನಗರವಾಸಿಗಳ ಭಾಗ್ಯ. ತನಿ ಆವರ್ತನದ ನಡುವೆಯೇ ಎದ್ದು ಚಪ್ಪಲಿ ಹುಡುಕುವುದು ದೂರದೂರಿನವರ ಪಾಡು. ಇಂಥದ್ದೊಂದು ಸಭಾಂಗಣ ನಮ್ಮೂರಿನಲ್ಲೇ ಏಕಿರಬಾರದು ಎಂಬ ಪ್ರಶ್ನೆ ಹುಟ್ಟುವುದು ಆಗಲೇ.

ಸಂಗೀತಕ್ಕೆಂದೇ ಕಟ್ಟಡ ಕಟ್ಟುವ ರೂಢಿ ನಮ್ಮಲ್ಲಿ ತೀರ ಹಳೆಯದೇನಲ್ಲ. ಅರಮನೆ, ದೇವಸ್ಥಾನ, ಮದುವೆಯ ಚಪ್ಪರಗಳೇ ಕಛೇರಿಯ ತಾಣಗಳಾಗಿದ್ದವು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರದಲ್ಲಿ ಪೂಜೆಗೂ ಗಾಯನಕ್ಕೂ ಒಂದೇ ಸೂರು. ಬೆಂಗಳೂರಿನಲ್ಲಿ ಗಾಯನ ಸಮಾಜ ಹುಟ್ಟಿದ್ದು 1905ರಲ್ಲಿ. ಎಸ್.ವಿ. ನಾರಾಯಣಸ್ವಾಮಿ ರಾಯರು ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭಿಸಿದ ರಾಮನವಮಿ ಸಂಗೀತೋತ್ಸವ ದಶಕಗಳ ಕಾಲ ಕೋಟೆ ಹೈಸ್ಕೂಲು ಮೈದಾನದ ಚಪ್ಪರದಲ್ಲೇ ಬೆಳೆಯಿತು.

ಕೃಷ್ಣಪ್ಪನವರ ಶಿಷ್ಯರೇ ಪಿಟೀಲು ಟಿ. ಚೌಡಯ್ಯ. ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ವಾದ್ಯ ಕೇಳಿಸಲೆಂದು ಅವರು ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಯದ್ದಾಗಿ ಮಾಡಿಕೊಂಡರು. ಅವರ ಸ್ಮಾರಕವಾಗಿ ಕೆ.ಕೆ. ಮೂರ್ತಿಯವರ ಪರಿಶ್ರಮದಿಂದ 1980ರಲ್ಲಿ ಮಲ್ಲೇಶ್ವರದ ಬಳಿ ಎದ್ದ ಭವನ ಪಿಟೀಲಿನ ಆಕಾರದಲ್ಲೇ ಇದೆ.

ಆದರೆ ಆಕಾರ ನೋಡುವವರಿಗೆ. ಕೇಳುವವರಿಗೆ ಮುಖ್ಯವಾದದ್ದು ಒಳಗಿನ ಗೋಡೆ, ಚಾವಣಿ, ಆಸನಗಳು. ಗಾಯಕರ ಕಂಠದಿಂದ ಹೊರಟ ನಾದ ಒಮ್ಮೆ ನೇರವಾಗಿ ಕಿವಿಗೆ ಬೀಳುತ್ತದೆ. ಬಳಿಕ ಗೋಡೆಗಳಿಗೆ ಬಡಿದು ಮತ್ತೆ ಮತ್ತೆ ಬರುತ್ತದೆ. ಈ ಅನುರಣನ ಹಿತಮಿತವಾಗಿದ್ದರೆ ದನಿ ತುಂಬಿಕೊಳ್ಳುತ್ತದೆ. ಹೆಚ್ಚಾದರೆ ಒಂದು ಸ್ವರ ಆರುವ ಮೊದಲೇ ಇನ್ನೊಂದು ಅದರ ಮೇಲೆ ಬಿದ್ದು ಎಲ್ಲವೂ ಕಲಸುಮೇಲೋಗರ. ಪಾಶ್ಚಾತ್ಯ ವಾದ್ಯವೃಂದಕ್ಕೆ ಸುಮಾರು 2 ಸೆಕೆಂಡುಗಳ ಅನುರಣನ ಸೊಗಸು. ನಮ್ಮ ಬಿರುಸಿನ ಸಂಗತಿಗಳಿಗೆ, ಮೃದಂಗದ ನಡೆಗಳಿಗೆ ಅದಕ್ಕಿಂತ ಕಡಿಮೆಯೇ ಒಳ್ಳೆಯದು.

ಇದನ್ನು ಮೊದಲು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ವ್ಯಾಲೇಸ್ ಸಬೈನ್. ಮಾತೇ ಅರ್ಥವಾಗದ ಒಂದು ಉಪನ್ಯಾಸ ಕೊಠಡಿಯನ್ನು ಸರಿಪಡಿಸುವ ಕೆಲಸ 1895ರಲ್ಲಿ ಅವರ ಪಾಲಿಗೆ ಬಂತು. ಪಕ್ಕದ ರಂಗಮಂದಿರದ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹಾಸಿ, ಶಬ್ದ ಎಷ್ಟು ಬೇಗ ಅಡಗುತ್ತದೆಂದು ಅಳೆದರು. ಮೆತ್ತೆ, ಪರದೆ ಮಾತ್ರವಲ್ಲ, ಕುಳಿತ ಜನರೂ ಶಬ್ದವನ್ನು ಹೀರುತ್ತಾರೆ.

ಊರಿನ ಪಾಲಿಗೆ ಸಂಗೀತಮಂದಿರ ಎಷ್ಟು ಮುಖ್ಯವಾಗಬಹುದು ಎಂಬುದಕ್ಕೆ ಜೆಕ್ ರಾಜಧಾನಿ ಪ್ರಾಗ್ ಸಾಕ್ಷಿ. ಅಲ್ಲಿನ ರುಡಾಲ್ಫಿನಮ್ 1885ರಲ್ಲಿ ತೆರೆಯಿತು. 1896ರಲ್ಲಿ ಜೆಕ್ ಫಿಲ್ಹಾರ್ಮೊನಿಕ್‌ನ ಮೊದಲ ಕಛೇರಿಯನ್ನು ಸ್ವತಃ ಡ್ವೊರಾಕ್ ಅಲ್ಲಿ ನಡೆಸಿಕೊಟ್ಟರು. ಮೊದಲ ಮಹಾಯುದ್ಧದ ನಂತರ ಅದೇ ಕಟ್ಟಡದಲ್ಲಿ ಸಂಸತ್ತು ಕೂಡಿತು. ಆದರೂ ಕೊನೆಗೆ ಅದು ಸಂಗೀತಕ್ಕೇ ಮರಳಿತು.

ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ನಡೆದಿರುವುದು ಇದರ ತಿರುವುಮುರುವು. ಇಲ್ಲಿನ ಭವನಗಳು, ಕಲ್ಯಾಣಮಂಟಪಗಳು ಎದ್ದದ್ದು ಸಭೆಗೆ, ಮದುವೆಗೆ. ಸಂಗೀತ ಅಲ್ಲಿ ಅತಿಥಿ ಮಾತ್ರ. ನುಣುಪು ನೆಲ, ಬೋಳು ಗೋಡೆಗಳ ನಡುವೆ ಮೈಕಿನ ದನಿ ಏರಿಸಿದಷ್ಟೂ ಸಾಹಿತ್ಯ ಮಸುಕಾಗುತ್ತದೆ. ಬ್ರಿಟನ್ನಿನ ಗಾಯಕ ಎಡ್ ಶೀರನ್ 2025ರ ಫೆಬ್ರುವರಿಯಲ್ಲಿ ನೆಲಮಂಗಲದ ದಾರಿಯ ಮಾದಾವರದಲ್ಲಿ ಹಾಡಿದರು. ಅಂಥ ಬಯಲು ಮೇಳಕ್ಕೆ ಜಾಗವುಂಟು. ಐನೂರು ಮಂದಿ ಕೂತು ತಂಬೂರಿಯ ಶ್ರುತಿ ಕೇಳುವ ಮನೆ ದುರ್ಲಭ.

ಹೊಸ ಭವನಕ್ಕೆ ಕೋಟಿಗಟ್ಟಲೆ ಹಣ ಬೇಕಾದೀತು. ಇರುವುದನ್ನು ತಿದ್ದಲು ಅಷ್ಟು ಬೇಕಿಲ್ಲ. ಹಿಂಗೋಡೆಗೆ ದಪ್ಪ ಪರದೆ, ನೆಲಕ್ಕೆ ಜಮಖಾನ, ಹದವರಿತ ಧ್ವನಿವರ್ಧಕ ಇದ್ದರೆ ಅರ್ಧ ಕೆಲಸ ಆದಂತೆಯೇ. ಯಾವುದಾದರೂ ಖಾಲಿ ಮಂಟಪದ ನಡುವೆ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ ನೋಡಿ. ಅದು ಎಷ್ಟು ಹೊತ್ತು ಗುಂಯ್‌ಗುಡುತ್ತದೆ ಎಂಬುದೇ ಆ ಮಂಟಪದ ಕಾಯಿಲೆಯನ್ನು ಹೇಳಿಬಿಡುತ್ತದೆ.