ಕೆಂಪು ದೀಪ ಕಾರಿನದು, ದೋಷ ಮನೆಯದು

ವಿದ್ಯುತ್ ಕಾರು ಬೆಂಗಳೂರಿಗೆ ಹೊಸದೇನಲ್ಲ. ಇಲ್ಲಿಯೇ ತಯಾರಾದ ರೇವಾ 2001ರಲ್ಲಿ ರಸ್ತೆಗಿಳಿಯಿತು. ದೇಶದಲ್ಲಿ ಮೊದಲಿಗೆ ವಿದ್ಯುತ್ ವಾಹನ ನೀತಿ ಪ್ರಕಟಿಸಿದ್ದೂ ಕರ್ನಾಟಕವೇ, 2017ರಲ್ಲಿ. ತೆರಿಗೆ ರಿಯಾಯಿತಿ, ರಸ್ತೆಬದಿಯ ಚಾರ್ಜಿಂಗ್ ಕೇಂದ್ರಗಳ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಆದರೆ ಕಾರು ರಾತ್ರಿಯಿಡೀ ನೆಚ್ಚಿಕೊಳ್ಳುವ ಮನೆಯ ವೈರಿಂಗ್ ಕುರಿತು ಮಾತು ಕೇಳಿಬರುವುದು ಅಪರೂಪ.

ನಮ್ಮದು ಮೂವತ್ತು ವರ್ಷ ಹಳೆಯ ಮನೆ. ಹೊಸ ಕಾರನ್ನು ಪೋರ್ಟಿಕೋದ 15 ಆಂಪಿಯರ್ ಸಾಕೆಟ್‌ಗೆ ಜೋಡಿಸಿದರೆ ಚಾರ್ಜರ್‌ನಲ್ಲಿ ಕೆಂಪು ದೀಪ. ಅದೇ ಸಾಕೆಟ್‌ನಲ್ಲಿ ಇಸ್ತ್ರಿಪೆಟ್ಟಿಗೆ ಚೆನ್ನಾಗಿಯೇ ಕಾಯುತ್ತಿತ್ತು. ಷೋರೂಮಿಗೆ ಒಯ್ದಾಗ ಅದೇ ಕಾರು, ಅದೇ ಕೇಬಲ್ ಯಾವ ತಕರಾರೂ ಇಲ್ಲದೆ ಕೆಲಸ ಮಾಡಿದವು. ಅಲ್ಲಿಗೆ ಅನುಮಾನ ಮನೆಯತ್ತ ತಿರುಗಿತು.

ಇಸ್ತ್ರಿಪೆಟ್ಟಿಗೆ ಕಾಯಲು ಫೇಸ್, ನ್ಯೂಟ್ರಲ್ ತಂತಿಗಳಿದ್ದರೆ ಸಾಕು. ಅರ್ಥಿಂಗ್ ಸತ್ತಿದ್ದರೂ ಅದು ದೂರುವುದಿಲ್ಲ. ಕಾರಿನ ಚಾರ್ಜರ್ ಮಾತ್ರ ಮೊದಲು ಅರ್ಥಿಂಗನ್ನು ಪರೀಕ್ಷಿಸಿ, ಅದು ಸರಿಯಿಲ್ಲವೆಂದಾದರೆ ವಿದ್ಯುತ್ತನ್ನು ಕಾರಿಗೆ ಬಿಡುವುದೇ ಇಲ್ಲ. ಮೀಟರ್ ಹಿಡಿದು ನೋಡಿದೆವು. ಫೇಸ್ ಮತ್ತು ನ್ಯೂಟ್ರಲ್ ನಡುವೆ 228 ವೋಲ್ಟ್, ಫೇಸ್ ಮತ್ತು ಅರ್ಥ್ ನಡುವೆ 140. ಇವೆರಡೂ ಹೆಚ್ಚುಕಡಿಮೆ ಸಮನಾಗಿರಬೇಕು. ನಾವು ಕೊಳ್ಳುವ ಮೊದಲೇ ಯಾರೋ ಅರ್ಥಿಂಗ್ ಗುಂಡಿಯ ಮೇಲೆ ಟೈಲ್ಸ್ ಹಾಸಿದ್ದರು. ಉಪ್ಪು, ಇದ್ದಿಲು ತುಂಬಿ, ಬೇಸಿಗೆಯಲ್ಲಿ ನೀರು ಹುಯ್ಯಬೇಕಾದ ಗುಂಡಿ ಒಣಗಿ ಹೋಗಿತ್ತು. ಬಚ್ಚಲಮನೆಯ ಗೀಸರ್‌ಗೂ ಅದೇ ಅರ್ಥಿಂಗ್! ಅದು ನಮಗೆ ಏನನ್ನೂ ಹೇಳಿರಲಿಲ್ಲ.

ಬಂದ ಎಲೆಕ್ಟ್ರಿಷಿಯನ್ ಸುಲಭ ದಾರಿಯೊಂದನ್ನು ಸೂಚಿಸಿದ. ‘ಸಾರ್, ಸಾಕೆಟ್ ಒಳಗೆ ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದು ತುಂಡು ವೈರ್ ಕೊಟ್ಬಿಡ್ತೀನಿ. ಕೆಂಪು ದೀಪ ಹೋಗುತ್ತೆ, ಎಲ್ಲರ ಮನೇಲೂ ಹೀಗೇ ಮಾಡೋದು.’ ದೀಪವೇನೋ ಹೋಗುತ್ತದೆ. ಆದರೆ ಮುಂದೊಂದು ದಿನ ನ್ಯೂಟ್ರಲ್ ತಂತಿ ಹಿಂದೆಲ್ಲೋ ಕಡಿದರೆ ಫೇಸ್‌ನ ವಿದ್ಯುತ್ತು ಅದೇ ತುಂಡು ವೈರಿನ ಮೂಲಕ ಕಾರಿನ ಲೋಹದ ಮೈಗೆ ಹರಿಯುತ್ತದೆ. ಮಳೆಯಲ್ಲಿ ಬರಿಗಾಲಲ್ಲಿ ನಿಂತು ಬಾಗಿಲ ಹಿಡಿಗೆ ಕೈಯಿಟ್ಟವರ ಗತಿಯೇನು? ಸೋರಿಕೆಯನ್ನು 30 ಮಿಲಿ ಆಂಪಿಯರ್‌ಗೇ ಗುರುತಿಸಿ ಕಡಿದುಹಾಕುವ ಆರ್‌ಸಿಸಿಬಿ ಇರುವ ಮನೆಗಳಲ್ಲಿ ಈ ಉಪಾಯ ಮಾಡಿದರೆ ಅದು ಪದೇ ಪದೇ ಬೀಳುತ್ತದೆ. ಆಗ ಅದನ್ನೂ ಕಿತ್ತುಹಾಕುವ ಮಹನೀಯರಿದ್ದಾರೆ. ನಾನು ಒಪ್ಪಲಿಲ್ಲ. ಹೊಸ ಗುಂಡಿ ತೋಡಿಸಿ, ಆರ್‌ಸಿಸಿಬಿ ಕೂರಿಸಿದ ಮೇಲೆ ದೀಪ ಹಸಿರಾಯಿತು.

ಅಲ್ಲಿಗೂ ಮುಗಿಯಲಿಲ್ಲ. ಗೀಸರ್ ಇಪ್ಪತ್ತು ನಿಮಿಷ ಉರಿದು ಆರುತ್ತದೆ. ಕಾರು 3.3 ಕಿಲೋವಾಟ್‌ನಷ್ಟು ಹೊರೆಯನ್ನು ಎಂಟು ಹತ್ತು ಗಂಟೆ ಬಿಡದೆ ಎಳೆಯುತ್ತದೆ. 30 ಯೂನಿಟ್‌ನ ಬ್ಯಾಟರಿ ತುಂಬಲು ಅಷ್ಟು ಹೊತ್ತು ಬೇಕೇ ಬೇಕು. ಸಾಕೆಟ್‌ನ ಹಿಡಿತ ಸಡಿಲವಾಗಿದ್ದರೆ ಪ್ಲಗ್ಗಿನ ಸುತ್ತ ಕಂದು ಕಲೆ, ಆಮೇಲೆ ಸುಟ್ಟ ವಾಸನೆ. ಎರಡೇ ವಾರದಲ್ಲಿ ನಾವು ಸಾಕೆಟ್ ಬದಲಿಸಿ, ಮೀಟರ್ ಬೋರ್ಡ್‌ನಿಂದ ಕಾರಿಗೆಂದೇ ಪ್ರತ್ಯೇಕವಾಗಿ 4 ಚದರ ಮಿ.ಮೀ. ತಾಮ್ರದ ತಂತಿ ಎಳೆಸಿದೆವು. ಮಂಜೂರಾದ ಲೋಡ್ ಹೆಚ್ಚಿಸಲು ಅರ್ಜಿ ಹಾಕಿದ್ದು ಬೇರೆ ಮಾತು.

ಮನೆಯಲ್ಲಿರುವ ಸಂಪರ್ಕದಿಂದಲೇ ಕಾರು ಚಾರ್ಜ್ ಮಾಡಬಹುದೆಂದು ಕೇಂದ್ರ ಇಂಧನ ಸಚಿವಾಲಯದ 2022ರ ಮಾರ್ಗಸೂಚಿ ಹೇಳಿತ್ತು. ಒಳ್ಳೆಯದೇ. ಆದರೆ ಆ ಸಂಪರ್ಕ ಯೋಗ್ಯವಾಗಿದೆಯೇ ಎಂದು ನೋಡುವವರು ಯಾರು? ನಮಗೆ ಕಾರು ಮಾರಿದವರು ಕೀಲಿಕೈಯೊಡನೆ ಹೂಗುಚ್ಛ ಕೊಟ್ಟರು, ಮನೆಯ ಅರ್ಥಿಂಗ್ ಬಗ್ಗೆ ಕೇಳಲಿಲ್ಲ. ಕಾರು ಮನೆಗೆ ಬರುವ ಮೊದಲು ಪರವಾನಗಿ ಪಡೆದ ಗುತ್ತಿಗೆದಾರನೊಬ್ಬ ಅರ್ಥಿಂಗ್ ಅಳೆದು ಬರೆದುಕೊಡಬೇಕೆಂಬ ನಿಯಮ ಜಾರಿಗೆ ಬರಲಿ. ಸಬ್ಸಿಡಿಗೆ ಹಣ ಹೊಂದಿಸುವ ಸರ್ಕಾರಕ್ಕೆ ಅರ್ಧ ಗಂಟೆಯ ಈ ಪರೀಕ್ಷೆ ಭಾರವಾಗಲಾರದು. ಲಕ್ಷಗಟ್ಟಲೆ ಕೊಟ್ಟು ಕಾರು ಕೊಳ್ಳುವವರಿಗಂತೂ ಅಲ್ಲವೇ ಅಲ್ಲ.