ವೆಲ್ಲೂರು ಕೋಟೆಯ ಮೇಲೆ ಮೈಸೂರಿನ ಬಾವುಟ

ವೆಲ್ಲೂರಿಗೆ ಹೋಗಿ ಬಂದವರು ನಮ್ಮಲ್ಲಿ ಕಡಿಮೆಯೇನಿಲ್ಲ. ಬೆಂಗಳೂರು, ಕೋಲಾರದ ಕಡೆಯ ಎಷ್ಟೋ ಮನೆಗಳಲ್ಲಿ ಸಿಎಂಸಿ ಆಸ್ಪತ್ರೆಯ ಚೀಟಿಯೊಂದು ಜೋಪಾನವಾಗಿದೆ. ಶ್ರೀಪುರದ ಬಂಗಾರದ ಗುಡಿಗೂ ಜನ ಬಸ್ಸು ಮಾಡಿಕೊಂಡು ಹೋಗುತ್ತಾರೆ. ಆದರೆ ಊರ ನಡುವೆಯೇ ಕಂದಕದ ನೀರಿನ ಆಚೆ ನಿಂತಿರುವ ಕೋಟೆಯನ್ನು ಕಿಟಕಿಯಿಂದ ನೋಡಿ ಮುಂದೆ ಸಾಗುವವರೇ ಹೆಚ್ಚು. ಅದಕ್ಕಾಗಿ ಅರ್ಧ ದಿನ ತೆಗೆದಿಡಿ ಎಂದು ಕನ್ನಡಿಗರಿಗೆ ಒತ್ತಿ ಹೇಳಲು ಕಾರಣವಿದೆ. ಟಿಪ್ಪು ಮನೆತನದ ಕಥೆಯನ್ನು ನಾವು 1799ರ ಮೇ 4ಕ್ಕೆ, ಶ್ರೀರಂಗಪಟ್ಟಣದಲ್ಲೇ ಮುಗಿಸಿಬಿಡುತ್ತೇವೆ. ಅದರ ಮುಂದಿನ ಅಧ್ಯಾಯ ನಡೆದದ್ದು ಇಲ್ಲಿ.

ಕೋಟೆ ಹದಿನಾರನೆಯ ಶತಮಾನದ್ದು, ವಿಜಯನಗರದ ನಾಯಕರು ಕಟ್ಟಿಸಿದ್ದು. ಹಂಪಿ ಹಾಳಾದ ಮೇಲೆ ಅರವೀಡು ಮನೆತನದ ಅರಸರು ಇದನ್ನು ರಾಜಧಾನಿಯಾಗಿ ಮಾಡಿಕೊಂಡದ್ದೂ ಉಂಟು. ವಿಸ್ತಾರ ಸುಮಾರು 133 ಎಕರೆ. ಕಂದಕ ದಾಟಿ ಒಳಗೆ ಹೋದವರು ಮೊದಲು ಜಲಕಂಠೇಶ್ವರನ ಗುಡಿಗೆ ಹೋಗಬೇಕು. ಪ್ರಾಕಾರದ ಒಳಗೆ ಕಾಲಿಟ್ಟೊಡನೆ ಎಡಕ್ಕೆ ಕಲ್ಯಾಣ ಮಂಟಪ. ಮುಂಗಾಲೆತ್ತಿ ನಿಂತ ಕುದುರೆ, ಅದರ ಮೇಲೆ ಸವಾರ, ಪಕ್ಕದಲ್ಲಿ ಯಾಳಿ, ಎಲ್ಲವೂ ಒಂದೇ ಕಲ್ಲಿನ ಕಂಬದಲ್ಲಿ ಮೂಡಿವೆ. ಹಂಪಿಯ ವಿಠಲನ ಗುಡಿ ನೋಡಿದವರಿಗೆ ಆ ಕೈಗಳ ಗುರುತು ತಟ್ಟನೆ ಹತ್ತುತ್ತದೆ. ಆನೆಗೂ ಎತ್ತಿಗೂ ಒಂದೇ ತಲೆ ಕೊಟ್ಟು ಬಿಡಿಸಿದ ಶಿಲ್ಪವೂ ಇಲ್ಲಿದೆ. ಬಲಗಡೆಯ ಮೈಯನ್ನು ಕೈಯಿಂದ ಮರೆಮಾಡಿದರೆ ಒಂದು ಪ್ರಾಣಿ, ಎಡಗಡೆಯದನ್ನು ಮರೆಮಾಡಿದರೆ ಇನ್ನೊಂದು. ಇಷ್ಟು ಚೆಲುವಾದ ಗುಡಿ ಬಹುಕಾಲ ದೇವರಿಲ್ಲದೆ, ಮದ್ದುಗುಂಡಿನ ಉಗ್ರಾಣವಾಗಿ ಕಳೆಯಿತು. ಲಿಂಗವನ್ನು ತಂದಿಟ್ಟು ಪೂಜೆ ಮತ್ತೆ ಶುರುವಾದದ್ದು 1981ರಲ್ಲಿ.

ಗುಡಿಯಿಂದ ಹೊರಬಂದು ಒಳಗೆ ನಡೆದರೆ ಟಿಪ್ಪು ಮಹಲ್, ಹೈದರ್ ಮಹಲ್ ಎಂಬ ಕಟ್ಟಡಗಳು. ಹೆಸರು ಕೇಳಿ ಅವರು ಕಟ್ಟಿಸಿದ ಅರಮನೆಗಳೆಂದು ತಿಳಿಯಬಾರದು. ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನೂ ಹೆಂಗಸರನ್ನೂ ಪರಿವಾರವನ್ನೂ ಇಂಗ್ಲಿಷರು ತಂದು ಇರಿಸಿದ್ದು ಈ ಕೋಟೆಯಲ್ಲಿ. ಇಂಗ್ಲಿಷರೊಂದಿಗಿನ 1792ರ ಒಪ್ಪಂದದಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಕೈಗೆ ಒತ್ತೆಯಾಗಿ ಹೋಗಿದ್ದ ಟಿಪ್ಪುವಿನ ಇಬ್ಬರು ಹುಡುಗರು, ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್, ಇಲ್ಲಿ ಮತ್ತೆ ಸೆರೆಯಾದರು. ಪಿಂಚಣಿ ಇತ್ತು, ಆಳುಕಾಳು ಇದ್ದರು, ಆದರೆ ಕೋಟೆ ದಾಟುವ ಸ್ವಾತಂತ್ರ್ಯವಿರಲಿಲ್ಲ.

ಇದೇ ಕೋಟೆಯಲ್ಲಿ ಇಂಗ್ಲಿಷರ ಕೈಕೆಳಗಿದ್ದ ದೇಶೀ ಸಿಪಾಯಿಗಳು ಬಂಡೆದ್ದರು. ಅವರ ಸಿಟ್ಟು ಹುಟ್ಟಿದ್ದು ಮಾತ್ರ ಬೇರೆ ಕಡೆಯಿಂದ. 1805ರ ಕೊನೆಯಲ್ಲಿ ಮದರಾಸಿನ ಸೇನಾಪತಿ ಕ್ರ್ಯಾಡಕ್ ಹೊಸ ನಿಯಮ ತಂದ: ಕವಾಯತಿಗೆ ಬರುವಾಗ ಹಣೆಯಲ್ಲಿ ನಾಮ, ವಿಭೂತಿ ಇರಕೂಡದು, ಕಿವಿಯಲ್ಲಿ ಕಡಕು ಬೇಡ, ಗಡ್ಡ ಬೋಳಿಸಬೇಕು, ಹಳೆಯ ರುಮಾಲಿನ ಬದಲು ಟೋಪಿಯಂಥ ಹೊಸ ಪೇಟ ಇಡಬೇಕು. ಆ ಪೇಟದಲ್ಲಿ ತೊಗಲಿನ ತುರಾಯಿ ಇತ್ತು. ಹಿಂದೂ, ಮುಸಲ್ಮಾನ ಇಬ್ಬರಿಗೂ ಇದು ಜಾತಿ ಕೆಡಿಸಿ ಮತಾಂತರ ಮಾಡುವ ಹುನ್ನಾರದಂತೆ ಕಂಡಿತು. ಒಲ್ಲೆ ಎಂದವರಿಗೆ ಚಾಟಿಯೇಟು ಬಿತ್ತು. ಮುಸ್ತಫಾ ಬೇಗ್ ಎಂಬ ಸಿಪಾಯಿ ಬಂಡಾಯದ ಸುಳಿವು ಕೊಟ್ಟಾಗ ಅಧಿಕಾರಿಗಳು ಅವನನ್ನೇ ಹಿಡಿದು ಕೂಡಿಹಾಕಿದರು.

1806ರ ಜುಲೈ 9ರಂದು ಟಿಪ್ಪುವಿನ ಮಗಳೊಬ್ಬಳ ಮದುವೆ. ಮರುದಿನ ನಸುಕಿಗೆ ಕವಾಯತು ಇದ್ದುದರಿಂದ ಹೊರಗಿನ ಬಿಡಾರದ ಸಿಪಾಯಿಗಳೂ ಆ ರಾತ್ರಿ ಕೋಟೆಯಲ್ಲೇ ಮಲಗಿದ್ದರು. ನಡುರಾತ್ರಿ ಕಳೆದ ಮೇಲೆ ಎದ್ದು, ಬ್ಯಾರಕ್ಕಿನಲ್ಲಿ ನಿದ್ದೆಯಲ್ಲಿದ್ದ ಇಂಗ್ಲಿಷರ 69ನೇ ಪಲ್ಟಣದ ಮೇಲೆ ಗುಂಡು ಹಾರಿಸಿದರು. ಬೆಳಗಾಗುವಷ್ಟರಲ್ಲಿ ನೂರಕ್ಕೂ ಹೆಚ್ಚು ಇಂಗ್ಲಿಷರು ಸತ್ತಿದ್ದರು, ರೋಗಿಗಳನ್ನೂ ಬಿಟ್ಟಿರಲಿಲ್ಲ. ಕೋಟೆಯ ಅಧಿಪತಿ ಫ್ಯಾನ್‌ಕೋರ್ಟ್ ಬಲಿಯಾದ. ಅವನ ಹೆಂಡತಿ ಅಮೀಲಿಯಾ ಮಕ್ಕಳನ್ನು ಕಟ್ಟಿಕೊಂಡು ಅಡಗಿ ಕೂತು ಬದುಕಿ, ಮುಂದೆ ಆ ರಾತ್ರಿಯ ವೃತ್ತಾಂತ ಬರೆದಿಟ್ಟಳು. ಕೋಟೆಯ ಮೇಲೆ ಮೈಸೂರಿನ ಬಾವುಟ ಏರಿತು. ಟಿಪ್ಪುವಿನ ಮಗ ಫತೇ ಹೈದರ್ ಅರಸನೆಂದು ಸಾರಿದರು.

ಆ ಬಾವುಟ ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ಬಾಗಿಲು ಭದ್ರಪಡಿಸುವುದನ್ನು ಬಿಟ್ಟು ಬಹಳ ಮಂದಿ ಲೂಟಿಗೆ ಇಳಿದರು. ಅಷ್ಟರಲ್ಲಿ ಸುದ್ದಿ ಇಪ್ಪತ್ತೈದು ಕಿಲೋಮೀಟರ್ ದೂರದ ಆರ್ಕಾಟಿಗೆ ಮುಟ್ಟಿ, ಅಲ್ಲಿನ ಇಂಗ್ಲಿಷ್ ಸೇನಾಧಿಕಾರಿ ಗಿಲೆಸ್ಪಿ ಕುದುರೆ ಸವಾರರೊಂದಿಗೆ ಧಾವಿಸಿ ಬಂದ. ಬಾಗಿಲ ಮೇಲಿನ ಗೋಡೆಯಲ್ಲಿ ಅಳಿದುಳಿದಿದ್ದ ಇಂಗ್ಲಿಷರು ಇಳಿಬಿಟ್ಟ ಹಗ್ಗ ಹಿಡಿದು ಮೇಲೇರಿದ. ಹಿಂದೆ ಬಂದ ತೋಪುಗಳು ಬಾಗಿಲು ಸೀಳಿದವು. ಅವನ ಕಡೆ ಮದರಾಸಿನ ದೇಶೀ ಸವಾರರೂ ಇದ್ದರು ಎಂಬುದನ್ನು ಮರೆಯಬಾರದು. ಅರಮನೆಯಲ್ಲಿ ಅಡಗಿದ್ದ ಸುಮಾರು ನೂರು ಸಿಪಾಯಿಗಳನ್ನು ಎಳೆತಂದು ಗೋಡೆಗೆ ನಿಲ್ಲಿಸಿ ಗುಂಡಿಟ್ಟು ಕೊಂದರು. ಆಮೇಲಿನ ವಿಚಾರಣೆಯಲ್ಲಿ ಕೆಲವರನ್ನು ತೋಪಿನ ಬಾಯಿಗೆ ಕಟ್ಟಿ ಹಾರಿಸಿದರು, ಕೆಲವರನ್ನು ಗಲ್ಲಿಗೇರಿಸಿದರು. ಇದಾಗಿ 51 ವರ್ಷಕ್ಕೆ ಮೀರತ್ತಿನಲ್ಲಿ ಸಿಪಾಯಿಗಳು ಎದ್ದರು. 1857ಕ್ಕೆ ನಾವು ಕೊಡುವ ಗೌರವದಲ್ಲಿ ಕಾಲುಪಾಲೂ ದಕ್ಷಿಣದ ಈ ಬಂಡಾಯಕ್ಕೆ ಸಿಕ್ಕಿಲ್ಲ ಎಂಬುದು ನನ್ನ ಕೊರಗು.

ಹೊಸ ಪೇಟದ ಅಪ್ಪಣೆಯನ್ನು ಸರ್ಕಾರ ಹಿಂತೆಗೆಯಿತು. ಕ್ರ್ಯಾಡಕನನ್ನೂ ಮದರಾಸಿನ ಗವರ್ನರ್ ಬೆಂಟಿಂಕನನ್ನೂ ಇಂಗ್ಲೆಂಡಿಗೆ ವಾಪಸು ಕರೆಸಿಕೊಂಡರು. ಇದೇ ಬೆಂಟಿಂಕ್ ಮುಂದೆ ಗವರ್ನರ್ ಜನರಲ್ ಆಗಿ ಬಂದು, 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತ ಕಿತ್ತುಕೊಂಡ. ಟಿಪ್ಪುವಿನ ಮಕ್ಕಳನ್ನು ಕಲ್ಕತ್ತೆಗೆ ಸಾಗಿಸಿದರು. ಅಲ್ಲಿನ ಧರ್ಮತಲಾದ ಟಿಪ್ಪು ಸುಲ್ತಾನ್ ಮಸೀದಿ ಅವರಲ್ಲೇ ಒಬ್ಬನಾದ ಗುಲಾಮ್ ಮಹಮ್ಮದ್ ಕಟ್ಟಿಸಿದ್ದು. ಮನೆತನದ ಕೆಲವು ಹೆಂಗಸರು ಮಾತ್ರ ವೆಲ್ಲೂರಿನ ಮಣ್ಣಲ್ಲೇ ಉಳಿದಿದ್ದಾರೆ. ಅವರ ಗೋರಿಗಳು ಕೋಟೆಯಿಂದ ಒಂದು ಕಿಲೋಮೀಟರ್ ದೂರದಲ್ಲಿವೆ. ಕೋಟೆ ನೋಡಿದವರು ಅಲ್ಲಿಗೂ ಹೋಗಬೇಕು.

ರೈಲಿನಲ್ಲಿ ಹೋಗುವವರು ಕಾಟ್ಪಾಡಿಯಲ್ಲಿ ಇಳಿದರೆ ಕೋಟೆಗೆ ಬಸ್ಸು, ಆಟೋ ಸಿಗುತ್ತವೆ. ಬಿಸಿಲು ಜೋರು, ಹಾಗಾಗಿ ಬೆಳಗ್ಗೆಯೇ ಹೊರಡುವುದು ಒಳ್ಳೆಯದು. ಕೋಟೆಯ ಹೊರಗೆ ಮಕಾನ್ ವೃತ್ತದ ಬಳಿ ಸಿಪಾಯಿಗಳ ನೆನಪಿನ ಸ್ತಂಭವಿದೆ. ಜುಲೈ 10ರಂದು ಅಲ್ಲಿರುವಂತೆ ಪ್ರಯಾಣ ಹೊಂದಿಸಿಕೊಂಡರೆ, ವರ್ಷವರ್ಷವೂ ಅದಕ್ಕೆ ಮಾಲೆ ಹಾಕಿ ಗೌರವ ಸಲ್ಲಿಸುವವರ ಜೊತೆ ನೀವೂ ನಿಲ್ಲಬಹುದು.