ಪಂಪ್ ರೈಫಲ್ಲಿನ ನಳಿಗೆಗೆ ಹತ್ತಿದ ಉಪ್ಪು

ನಳಿಗೆಯ ಕೆಳಗಿರುವ ಮರದ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಮುಂದಿನ ಈಡಿಗೆ ಸಿದ್ಧವಾಗುವ ಬಂದೂಕೇ ಪಂಪ್ ರೈಫಲ್. ಹಿಡಿ ಹಿಂದೆ ಸರಿಯುವಾಗ ಬೋಲ್ಟ್ ಸುಟ್ಟ ತೋಟೆಯನ್ನು ಚೇಂಬರಿನಿಂದ ಕಿತ್ತು ಹೊರಗೆಸೆಯುತ್ತದೆ, ಹ್ಯಾಮರನ್ನು ಹಿಂದಕ್ಕೆ ಬಾಗಿಸಿ ನಿಲ್ಲಿಸುತ್ತದೆ. ಹಿಡಿ ಮುಂದೆ ಬಂದಾಗ ಹೊಸ ತೋಟೆ ಒಳಗೆ ಕೂರುತ್ತದೆ, ಬೋಲ್ಟ್ ಬಿಗಿಯುತ್ತದೆ. ತೋಟೆಗಳು ನಳಿಗೆಯಡಿಯ ಉದ್ದನೆಯ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿರುತ್ತವೆ. ಅವುಗಳನ್ನು ಸ್ಪ್ರಿಂಗ್ ಸದಾ ಹಿಂದಕ್ಕೆ ಒತ್ತುತ್ತಿರುತ್ತದೆ.

ಅಮೆರಿಕದ ಸಂಗ್ರಾಹಕರು ಇಂದಿಗೂ ಹುಡುಕುವ .22 ಪಂಪ್ ರೈಫಲ್‌ಗಳಲ್ಲಿ ಮೊದಲು ನೆನಪಾಗುವುದು ವಿಂಚೆಸ್ಟರ್ 1890. ಯೂಟಾದ ಆಗ್ಡೆನ್ ಊರಿನ ಜಾನ್ ಬ್ರೌನಿಂಗ್ ಮತ್ತು ಅವರ ಸಹೋದರ ಮ್ಯಾಥ್ಯೂ ಇದರ ವಿನ್ಯಾಸಕ್ಕೆ 1888ರಲ್ಲಿ ಪೇಟೆಂಟ್ ಪಡೆದರು. ಎಂಟು ಮೂಲೆಯ 24 ಇಂಚಿನ ನಳಿಗೆ, ಹೊರಗೆ ಕಾಣುವ ಹ್ಯಾಮರ್ ಇದರ ಗುರುತು. ಇದರ ಅಗ್ಗದ ತಮ್ಮನೆನ್ನಬಹುದಾದ ಮಾಡೆಲ್ 1906ಕ್ಕೆ 20 ಇಂಚಿನ ದುಂಡು ನಳಿಗೆ. ಎರಡೂ ಲಕ್ಷಗಟ್ಟಲೆ ತಯಾರಾದವು. ಜಾನ್ ಪೆಡರ್‌ಸನ್ ರೂಪಿಸಿದ ರೆಮಿಂಗ್ಟನ್ ಮಾಡೆಲ್ 12, ಹ್ಯಾಮರನ್ನು ಒಳಗೇ ಅಡಗಿಸಿಕೊಂಡು 1909ರಲ್ಲಿ ಪೈಪೋಟಿಗೆ ಇಳಿಯಿತು.

ಜಾತ್ರೆ, ಮೇಳಗಳಲ್ಲಿ ಕಾಸು ಕೊಟ್ಟು ಗುರಿಯಿಡುವ ಅಂಗಡಿಗಳು ಈ ರೈಫಲ್‌ಗಳ ದೊಡ್ಡ ಗಿರಾಕಿಗಳಾಗಿದ್ದವು. ಅಲ್ಲಿ ಬಳಸುತ್ತಿದ್ದುದು .22 ಶಾರ್ಟ್ ಎಂಬ ಪುಟ್ಟ ತೋಟೆ. 1857ರಲ್ಲಿ ಹುಟ್ಟಿದ ಇದರ ಸದ್ದೂ ಕಡಿಮೆ, ಬೆಲೆಯೂ ಕಡಿಮೆ. ಮಾಡೆಲ್ 1890ರ ಕೊಳವೆಯಲ್ಲಿ ಇಂಥ 15 ಹಿಡಿಯುತ್ತಿದ್ದವು. ಕಬ್ಬಿಣದ ಗುರಿಗೆ ಬಡಿದ ಸೀಸ ಸಿಡಿದು ಯಾರಿಗೂ ತಾಗದಿರಲೆಂದು, ತಗುಲಿದೊಡನೆ ಪುಡಿಯಾಗುವ ಗುಂಡುಗಳೂ ಆಮೇಲೆ ಬಂದವು.

ಮಾಡೆಲ್ 1890ರಲ್ಲಿ ಒಂದು ಬಂದೂಕಿಗೆ ಒಂದೇ ಬಗೆಯ ತೋಟೆ. ಶಾರ್ಟ್, ಲಾಂಗ್, ಡಬ್ಲ್ಯೂಆರ್‌ಎಫ್ (ವಿಂಚೆಸ್ಟರ್ ರಿಮ್ ಫೈರ್), ಸುಮಾರು ಮೂರು ದಶಕಗಳ ನಂತರ ಲಾಂಗ್ ರೈಫಲ್ ಎಂದು ಬೇರೆ ಬೇರೆಯಾಗಿ ಮಾಡುತ್ತಿದ್ದರು, ಯಾವುದೆಂದು ನಳಿಗೆಯ ಮೇಲೇ ಕೊರೆದಿರುತ್ತಿದ್ದರು. ಆ ಅಕ್ಷರ ಓದದೆ ಗುಂಡು ಹಾರಿಸುವುದು ತಪ್ಪು. ಡಬ್ಲ್ಯೂಆರ್‌ಎಫ್ ಚೇಂಬರ್ ತುಸು ಅಗಲ. ಅದರಲ್ಲಿ ಲಾಂಗ್ ರೈಫಲ್ ತೋಟೆ ಹಾಕಿದರೆ ತೆಳು ಹಿತ್ತಾಳೆಯ ಗೋಡೆಗೆ ಆಸರೆ ಸಿಗದೆ ಬಿರಿಯುತ್ತದೆ.

ಹಳೆಯ .22ರ ನಿಜವಾದ ಶತ್ರು ಇದ್ದದ್ದು ತೋಟೆಯ ಅಂಚಿನಲ್ಲಿ. ರಿಮ್‌ಫೈರ್ ತೋಟೆಯ ತಳದ ಮಡಿಕೆಯೊಳಗೆ ಪ್ರೈಮರ್ ಮಸಾಲೆ ತುಂಬಿರುತ್ತದೆ. ಫೈರಿಂಗ್ ಪಿನ್ ಆ ಅಂಚನ್ನು ಜಜ್ಜಿದಾಗ ಕಿಡಿ ಹುಟ್ಟಿ ಮದ್ದು ಹೊತ್ತಿಕೊಳ್ಳುತ್ತದೆ. ಆ ಕಾಲದ ಮಸಾಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇತ್ತು. ಅದು ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ಹತ್ತಿರದ ನೆಂಟ. ಮಳೆಗಾಲದಲ್ಲಿ ಭರಣಿಯ ಉಪ್ಪು ನೀರಾಡುವಂತೆ, ನಳಿಗೆಗೆ ಅಂಟಿದ ಈ ಉಪ್ಪೂ ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಇದು ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಮಾತ್ರ ಕರಗುತ್ತದೆ. ಕರಿಮದ್ದಿನ ಕಾಲದಲ್ಲಿ ಮಸಿ ತೆಗೆಯಲೆಂದು ನಳಿಗೆಯನ್ನು ನೀರಿನಿಂದ ತೊಳೆಯುತ್ತಿದ್ದರು, ಜೊತೆಗೆ ಉಪ್ಪೂ ಹೋಗುತ್ತಿತ್ತು. ಹೊಗೆಯಿಲ್ಲದ ಮದ್ದು ಬಂದಮೇಲೆ ನಳಿಗೆ ನೋಡಲು ಸ್ವಚ್ಛವಾಗಿಯೇ ಇರುತ್ತಿದ್ದುದರಿಂದ ಎಣ್ಣೆ ಬಟ್ಟೆ ಎಳೆದು ಮೂಲೆಗಿಟ್ಟವರೇ ಹೆಚ್ಚು. ಉಪ್ಪು ಎಣ್ಣೆಯಡಿಯಲ್ಲೇ ಕೆಲಸ ಮುಂದುವರಿಸಿತು. ತುಕ್ಕು ಹಿಡಿಸದ ಪ್ರೈಮರ್ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1920ರ ದಶಕದಲ್ಲಿ. ಅಷ್ಟರಲ್ಲಿ ಲೆಕ್ಕವಿಲ್ಲದಷ್ಟು ನಳಿಗೆಗಳು ಹಾಳಾಗಿದ್ದವು.

ಹೀಗಾಗಿ ಅನುಭವಿ ಸಂಗ್ರಾಹಕರು ಹೊರಗಿನ ನೀಲಿ ಹೊಳಪಿಗೆ ಮರುಳಾಗುವ ಮೊದಲು ಬೋಲ್ಟ್ ತೆರೆದು, ಹಿಂದೆ ಬಿಳಿ ಕಾಗದ ಹಿಡಿದು, ನಳಿಗೆಯೊಳಗೆ ಇಣುಕುತ್ತಾರೆ. ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳು ಚೂಪಾಗಿ ಹೊಳೆದರೆ ಅದು ಅದೃಷ್ಟ. ಸಿಡುಬಿನ ಕಲೆಯಂಥ ಗುಳಿಗಳು ಕಂಡರೆ ಅದು ಉಪ್ಪಿನ ಕೆಲಸ. ಚೇಂಬರಿನ ಬಾಯಂಚಿನಲ್ಲಿ ತಗ್ಗಿದ್ದರೆ, ಯಾರೋ ಖಾಲಿ ಬಂದೂಕಿನ ಟ್ರಿಗರ್ ಮತ್ತೆ ಮತ್ತೆ ಎಳೆದು ಪಿನ್ ಉಕ್ಕಿಗೇ ಬಡಿಯುವಂತೆ ಮಾಡಿದ್ದಾರೆ ಎಂದರ್ಥ. ಹೊರಮೈಗೆ ಹೊಸದಾಗಿ ಪಾಲಿಶ್ ಹಾಕಿಸಿದ್ದರೆ ಬೆಲೆ ಏರುವುದಿಲ್ಲ, ಇಳಿಯುತ್ತದೆ. ಸವೆದ ಮೂಲ ಬಣ್ಣಕ್ಕೇ ಬೆಲೆ ಹೆಚ್ಚು, ಮತ್ತು ಅದು ನ್ಯಾಯವೂ ಹೌದು.

ಇಂಥ ರೈಫಲ್ಲಿನಿಂದ ಇಂದು ಗುಂಡು ಹಾರಿಸುವವರು 1930ರಿಂದೀಚೆಗೆ ಬಂದ ಅತಿವೇಗದ ತೋಟೆಗಳನ್ನು ಬಿಟ್ಟು ಸಾಧಾರಣ ವೇಗದವನ್ನೇ ಆರಿಸಿಕೊಳ್ಳುತ್ತಾರೆ. ಹಳೆಯ ಬೋಲ್ಟಿಗೆ ಅಷ್ಟೇ ಸಾಕು. ಮಾಡೆಲ್ 1890, 1906ರಲ್ಲಿ ಇನ್ನೊಂದು ಎಚ್ಚರ ಬೇಕು: ಟ್ರಿಗರ್ ಒತ್ತಿ ಹಿಡಿದೇ ಹಿಡಿಯನ್ನು ಮುಂದೆ ತಳ್ಳಿದರೆ ಬೋಲ್ಟ್ ಮುಚ್ಚಿದ ಕ್ಷಣವೇ ಈಡು ಹಾರುತ್ತದೆ, ಆದ್ದರಿಂದ ಪಂಪ್ ಮಾಡುವಾಗ ಬೆರಳು ಟ್ರಿಗರಿನ ಹೊರಗಿರಬೇಕು.

ಗುರಿ ಹಿಡಿಯದಷ್ಟು ತಿಂದುಹೋದ ನಳಿಗೆಗೂ ದಾರಿಯಿದೆ. ಬಂದೂಕು ರಿಪೇರಿಯವರು ಹಳೆಯ ರಂಧ್ರವನ್ನು ಅಗಲಿಸಿ ಕೊರೆದು, ಸುರುಳಿ ಗೆರೆಯಿರುವ ತೆಳು ಉಕ್ಕಿನ ಕೊಳವೆಯನ್ನು ಒಳಗೆ ಕೂರಿಸುತ್ತಾರೆ. ಆಗ ಹೊರಗಿನ ಎಂಟು ಮೂಲೆ, ಅದರ ಮೇಲಿನ ಅಕ್ಷರ ಇದ್ದಂತೆಯೇ ಉಳಿಯುತ್ತವೆ, ಗುಂಡು ಮಾತ್ರ ಹೊಸ ಗೆರೆಗಳ ಮೇಲೆ ತಿರುಗುತ್ತಾ ಹೋಗುತ್ತದೆ.